ಕಟ್ಟೋಕೆ 130, ಕೊಳ್ಳೋಕೆ 102: ಇದರಲ್ಲಿ ಸುಳ್ಳು ಯಾವುದು?

ಪ್ರಶ್ನೆ: ನಾನೂ ನನ್ನ ತಂಗಿಯೂ ಸಮನಾಗಿ ಹಣ ಹಾಕಿ 18 ವರ್ಷದ ಹಿಂದೆ ಜಾಗ ಕೊಂಡು ಮನೆ ಕಟ್ಟಿಸಿದೆವು. ನಾನು ಅದರಲ್ಲೇ ಇದ್ದೇನೆ. ತಂಗಿ ಬೇರೆ ಊರಿನಲ್ಲಿ ನೆಲೆಸಿದ್ದಾಳೆ. ಈಗ ತನ್ನ ಅರ್ಧ ಪಾಲಿನ ಹಣ ಕೊಡು ಎನ್ನುತ್ತಾಳೆ. ಕೊಡುವುದಕ್ಕೆ ನನ್ನದೇನೂ ತಕರಾರಿಲ್ಲ. ಎಷ್ಟು ಎಂಬುದೇ ಜಗಳ. ನಿಜವಾದ ಮೊತ್ತ ಬರೆಯಲು ಇಷ್ಟವಿಲ್ಲ. ಇದೇ ಮನೆಯನ್ನು ಇವತ್ತು ಹೊಸದಾಗಿ ಕಟ್ಟಲು ಆಗುವ ಖರ್ಚನ್ನು 100 ಎಂದು ಇಟ್ಟುಕೊಂಡು ಹೇಳುತ್ತೇನೆ. ತಂಗಿ ಕರೆಸಿದ ಇಂಜಿನಿಯರ್ ಜಾಗಕ್ಕೆ 60, ಕಟ್ಟಡಕ್ಕೆ 100, ಅದರಲ್ಲಿ ವಯಸ್ಸಿನ ಸವಕಳಿ 30 ಕಳೆದು ಒಟ್ಟು 130 ಎಂದರು. ಅವಳ ಪಾಲು ಕೊಡಲು ನಾನು ಸಾಲ ಕೇಳಿದಾಗ ಬ್ಯಾಂಕಿನ ವ್ಯಾಲ್ಯುಯರ್ ಬಂದು ಮಾರುಕಟ್ಟೆ ಮೌಲ್ಯ 102 ಎಂದು ಬರೆದರು. ನಾನೇ ಬೇಕಂತ ಕಡಿಮೆ ಬರೆಸಿದ್ದೇನೆ ಎಂದು ತಂಗಿಗೆ ಅನುಮಾನ. ಇನ್ನೊಂದು ವಿಷಯ. ಮನೆ ಮುಗಿದ ಮರುವರ್ಷ ನನ್ನ ಒಬ್ಬನ ದುಡ್ಡಿನಲ್ಲಿ ಈಜುಕೊಳ, ಸಿನಿಮಾ ನೋಡುವ ಕೋಣೆ ಮಾಡಿಸಿದ್ದೆ. ಆ 100ರಲ್ಲಿ 14 ಅದರದ್ದೇ. ಅದನ್ನು ಮೊದಲು ನನಗೆ ತೆಗೆದಿಟ್ಟು ಉಳಿದದ್ದನ್ನು ಹಂಚಬೇಕಲ್ವಾ? ಮನೆಯಲ್ಲಿ ಐದು ಮಲಗುವ ಕೋಣೆ, ಎರಡೇ ಬಚ್ಚಲು, ಒಂದು ಕಾರಿಗೆ ಜಾಗ. ಪೈಪು, ವೈರಿಂಗ್ ಹಳೆಯವೇ. ತಾರಸಿ ಎರಡು ಕಡೆ ಸೋರುತ್ತದೆ. ನಾಲ್ಕು ವರ್ಷದ ಹಿಂದೆ ಮನೆ ಎದುರಿಗೇ ಮೇಲ್ಸೇತುವೆ ಬಂತು. ಈ ಎರಡರಲ್ಲಿ ಯಾವ ವರದಿ ಸುಳ್ಳು?

ಉತ್ತರ:

ಸುಳ್ಳು ಯಾವುದೂ ಅಲ್ಲ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದಾರೆ, ಅಷ್ಟೇ. "ಇಂಥ ಮನೆ ಕಟ್ಟಬೇಕೆಂದರೆ ಎಷ್ಟಾಗುತ್ತದೆ, ಅದರಲ್ಲಿ ಎಷ್ಟು ಸವೆದಿದೆ?" ಎಂಬುದು ಇಂಜಿನಿಯರ್‌ಗೆ ಇದ್ದ ಪ್ರಶ್ನೆ. "ಈ ಮನೆಗೆ ಇವತ್ತು ಜನ ಎಷ್ಟು ಕೊಡುತ್ತಾರೆ?" ಎಂಬುದು ಬ್ಯಾಂಕಿನವರಿಗೆ ಇದ್ದ ಪ್ರಶ್ನೆ. ನಿಮಗೂ ತಂಗಿಗೂ ಬೇಕಿರುವುದು ಎರಡನೆಯದರ ಉತ್ತರ. ಆದರೆ ಅಷ್ಟು ಹೇಳಿ ಕೈ ತೊಳೆದುಕೊಂಡರೆ ತಂಗಿಯ ಅನುಮಾನ ಹೋಗುವುದಿಲ್ಲ. ನಡುವಿನ 28 ಎಲ್ಲಿ ಹೋಯಿತು ಎಂದು ತೋರಿಸಬೇಕು. ಅದನ್ನು ತೋರಿಸಲು ಬರುತ್ತದೆ.

ಮೊದಲು ಎಲ್ಲರ ತಲೆಯಲ್ಲೂ ಕೂತಿರುವ ಒಂದು ಮಾತು: "ಹಾಕಿದ ಖರ್ಚಾದರೂ ಬರಬೇಕಲ್ವಾ?" ಬರಲೇಬೇಕು ಅಂತೇನಿಲ್ಲ. ನಾನು ನೋಡಿದ ಒಂದು ಮನೆಯ ಯಜಮಾನರು ಪ್ರತಿ ಬಿಲ್ಲನ್ನೂ ಫೈಲಿನಲ್ಲಿ ಜೋಡಿಸಿಟ್ಟಿದ್ದರು. ಹಜಾರದಲ್ಲಿ ತೂಗುತ್ತಿದ್ದ ದೊಡ್ಡ ಗಾಜಿನ ದೀಪಗುಚ್ಛದ ಬಿಲ್ಲಂತೂ ಮೊದಲ ಪುಟದಲ್ಲೇ ಇತ್ತು. ಮನೆ ಕೊಳ್ಳಲು ಬಂದವರು ಕತ್ತೆತ್ತಿ ನೋಡಿದರು. "ಹೋಗುವಾಗ ಇದನ್ನು ಬಿಚ್ಚಿಕೊಂಡು ಹೋಗ್ತೀರಾ?" ಎಂದರು. ಕೊಳ್ಳುವವರಿಗೆ ನಿಮ್ಮ ಬಿಲ್ಲು ಬೇಕಿಲ್ಲ. ತಮಗೆ ಏನು ಸಿಗುತ್ತದೆ ಎಂಬುದಷ್ಟೇ ಅವರ ಲೆಕ್ಕ.

ಸಿಡ್ನಿಯ ಒಪೆರಾ ಹೌಸ್ ನೋಡಿ. ಶುರುವಿನ ಅಂದಾಜು 70 ಲಕ್ಷ ಆಸ್ಟ್ರೇಲಿಯನ್ ಡಾಲರ್. 1973ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಆದ ಖರ್ಚು 10 ಕೋಟಿ 20 ಲಕ್ಷ. ಹದಿನಾಲ್ಕು ಪಟ್ಟಿಗೂ ಜಾಸ್ತಿ. ಖರ್ಚು ಏರಿದ ಮಾತ್ರಕ್ಕೆ ಕಟ್ಟಡದ ಬೆಲೆಯೂ ಹದಿನಾಲ್ಕು ಪಟ್ಟು ಏರಿತು ಎನ್ನಲಾದೀತೇ? ಹಾಗೆಯೇ, 70 ಲಕ್ಷಕ್ಕೇ ಮುಗಿದಿದ್ದರೆ ಅದರ ಬೆಲೆ ಇಳಿಯುತ್ತಿತ್ತೇ? ಕೆಲಸ ಎಷ್ಟು ಕಷ್ಟವಾಯಿತು ಎಂಬುದು ಖರ್ಚಿನಲ್ಲಿ ಕಾಣುತ್ತದೆ. ಸಿಕ್ಕಿದ್ದು ಏನು ಎಂಬುದನ್ನು ಬೇರೆ ಕಡೆ ಹುಡುಕಬೇಕು.

ಹಾಗಾದರೆ ವೆಚ್ಚ ನೋಡಿ ಬೆಲೆ ಕಟ್ಟುವ ವಿಧಾನವೇ ದಂಡವಾ? ಅಲ್ಲ. ಅದರ ಹಿಂದೆ ಗಟ್ಟಿಯಾದ ತರ್ಕವಿದೆ. ಅಂಥದೇ ಜಾಗ ಕೊಂಡು, ಅಷ್ಟೇ ಉಪಯೋಗದ ಹೊಸ ಮನೆಯನ್ನು 160ಕ್ಕೆ ಕಟ್ಟಿಸಿಕೊಳ್ಳಲು ಆಗುವಾಗ, ನಿಮ್ಮ ಹಳೆಯ ಮನೆಗೆ ಯಾರೂ 180 ಕೊಡುವುದಿಲ್ಲ. ಅಂದರೆ ವೆಚ್ಚ ಮೇಲಿನ ಮಿತಿಯನ್ನು ಹೇಳುತ್ತದೆ. ಜನ ಇದನ್ನೇ ತಲೆಕೆಳಗು ಮಾಡಿ, ವೆಚ್ಚಕ್ಕಿಂತ ಕೆಳಗೆ ಬೆಲೆ ಇಳಿಯಲಾರದು ಎಂದುಕೊಂಡಿದ್ದಾರೆ. ಈ ಮೇಲಿನ ಮಿತಿಯೂ ಕೆಲವೊಮ್ಮೆ ಒಡೆಯುತ್ತದೆ. ಹೊಸದಾಗಿ ಕಟ್ಟಲು ಪರವಾನಗಿ ಸಿಗದ ಕಡೆ, ಕಟ್ಟಿ ಮುಗಿಸಲು ಬಹಳ ಕಾಲ ಹಿಡಿಯುವ ಕಡೆ, ಸಿದ್ಧವಾಗಿ ನಿಂತಿರುವ ಮನೆಗೆ ಜನ ಖರ್ಚಿಗಿಂತ ಜಾಸ್ತಿಯೇ ಕೊಡುತ್ತಾರೆ.

ಇನ್ನು "ವೆಚ್ಚ" ಎಂಬ ಒಂದೇ ಪದದೊಳಗೆ ಮೂರು ಸಂಗತಿ ಅಡಗಿವೆ. ನೀವು 18 ವರ್ಷದ ಹಿಂದೆ ನಿಜವಾಗಿ ಹಾಕಿದ ದುಡ್ಡು ಒಂದು. ಇದೇ ಮನೆಯನ್ನು ಕಲ್ಲಿಗೆ ಕಲ್ಲು, ಬಾಗಿಲಿಗೆ ಬಾಗಿಲು ಹಾಗೇ ಮತ್ತೆ ಕಟ್ಟುವ ಖರ್ಚು ಇನ್ನೊಂದು. ಇಷ್ಟೇ ಉಪಯೋಗ ಕೊಡುವ ಮನೆಯನ್ನು ಇವತ್ತಿನ ಸಾಮಾನು, ಇವತ್ತಿನ ರೀತಿಯಲ್ಲಿ ಕಟ್ಟುವ ಖರ್ಚು ಮೂರನೆಯದು. ಮೊದಲನೆಯದು ಬೆಲೆ ಕಟ್ಟಲು ಹೆಚ್ಚುಕಡಿಮೆ ಪ್ರಯೋಜನಕ್ಕೆ ಬಾರದು. ಎರಡನೆಯದು ಪಾರಂಪರಿಕ ಕಟ್ಟಡಗಳಿಗೆ ಬೇಕಾಗುತ್ತದೆ. ಸಾಮಾನ್ಯ ಮನೆಗೆ ಮೂರನೆಯದೇ ಸರಿ. ತಂಗಿಯ ಇಂಜಿನಿಯರ್ ಎರಡನೆಯದನ್ನು ಹಿಡಿದಿದ್ದಾರೆ. ಈಜುಕೊಳವೂ ಸೇರಿ ಇದ್ದದ್ದನ್ನೆಲ್ಲ ಹಾಗೇ ಮತ್ತೆ ಕಟ್ಟುವ ಲೆಕ್ಕ ಅದು.

ಆದರೆ ನಿಜವಾದ ಸಿಕ್ಕು ಸವಕಳಿಯಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಇಂಜಿನಿಯರ್ ಮಾಡಿದ್ದು ಸರಳ ಗಣಿತ. ಕಟ್ಟಡದ ಆಯಸ್ಸು 60 ವರ್ಷ ಎಂದು ಇಟ್ಟುಕೊಂಡಿದ್ದಾರೆ. 18 ಕಳೆದಿದೆ. 60ರಲ್ಲಿ 18 ಎಂದರೆ ನೂರಕ್ಕೆ 30. ಹಾಗಾಗಿ 100ರಲ್ಲಿ 70 ಉಳಿಯಿತು. ತಪ್ಪಿಲ್ಲ, ಆದರೆ ಅರ್ಧಕ್ಕೇ ನಿಂತಿದೆ. ನಮ್ಮ ಕಸುಬಿನಲ್ಲಿ ಸವಕಳಿ ಎಂದರೆ ಮೂರು ಬಗೆ. ಮೈ ಸವೆಯುವುದು, ಅಂದರೆ ಗಾರೆ ಉದುರುವುದು, ಪೈಪು ತುಕ್ಕು ಹಿಡಿಯುವುದು, ತಾರಸಿ ಸೋರುವುದು. ಎರಡನೆಯದು ಉಪಯೋಗ ಸವೆಯುವುದು. ಗೋಡೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಮನೆಯ ಹಂಚಿಕೆ ಇವತ್ತಿನ ಜನಕ್ಕೆ ಒಗ್ಗುವುದಿಲ್ಲ. ಮೂರನೆಯದು ಹೊರಗಿನಿಂದ ಬರುವ ಹೊಡೆತ. ನಿಮ್ಮ ಕಾಂಪೌಂಡಿನ ಆಚೆ ಏನೋ ಆಗುತ್ತದೆ, ನಿಮ್ಮ ಬೆಲೆ ಇಳಿಯುತ್ತದೆ. ಇದನ್ನು ಯಾವ ರಿಪೇರಿಯಿಂದಲೂ ಸರಿಮಾಡಲು ಆಗದು. ವಯಸ್ಸಿನ ಲೆಕ್ಕ ಹಿಡಿಯುವುದು ಮೊದಲನೆಯದನ್ನು ಮಾತ್ರ, ಅದನ್ನೂ ಅಂದಾಜಿನಲ್ಲಿ.

ನಿಮ್ಮ ಮನೆಗೇ ಹಚ್ಚಿ ನೋಡೋಣ. ನಾನು ಮನೆ ನೋಡಿಲ್ಲ. ಹಾಗಾಗಿ ಈ ಅಂಕಿಗಳು ದಾರಿ ತೋರಿಸಲಿಕ್ಕೆ, ತೀರ್ಪಲ್ಲ.

ಕೊಳ ಮತ್ತು ಸಿನಿಮಾ ಕೋಣೆಯ 14 ಬದಿಗಿಟ್ಟರೆ ಮುಖ್ಯ ಮನೆಗೆ 86 ಉಳಿಯುತ್ತದೆ. ಪೈಪು, ವೈರಿಂಗ್ ಬದಲಾಗಿಲ್ಲ, ತಾರಸಿ ಸೋರುತ್ತದೆ. ಕಾಗದದಲ್ಲಿ ಮನೆಗೆ 18 ವರ್ಷವಾಗಿದ್ದರೂ ಮೈಯಿಂದ ಅದು 24 ವರ್ಷದ ಮನೆಯಂತೆ ಇದೆ ಎಂದುಕೊಳ್ಳಿ. ನಾವು ಎಣಿಸಬೇಕಾದದ್ದು ಈ ಎರಡನೆಯ ವಯಸ್ಸನ್ನು. 60ರಲ್ಲಿ 24 ಎಂದರೆ ನೂರಕ್ಕೆ 40. ಹಾಗಾಗಿ 86ರಲ್ಲಿ ಉಳಿಯುವುದು 51.6. ಐದು ಕೋಣೆಗೆ ಎರಡೇ ಬಚ್ಚಲು, ಒಂದೇ ಕಾರಿನ ಜಾಗ. ಇದಕ್ಕೆ 4 ಕಳೆಯಿರಿ. ಈಜುಕೊಳ, ಸಿನಿಮಾ ಕೋಣೆ ಕಟ್ಟಲು 14 ಆಗುತ್ತದೆ ನಿಜ. ಕೊಳ್ಳುವವರು ಅದಕ್ಕೆ 2 ಕೊಟ್ಟರೆ ದೊಡ್ಡದು. ನೀರು ಶುದ್ಧ ಮಾಡುವ, ಪಂಪು ನೋಡಿಕೊಳ್ಳುವ ಕೆಲಸ ನೆನೆದು, ಕೊಳ ಇದೆ ಎಂದೇ ಬೆಲೆ ಇಳಿಸಿ ಕೇಳುವವರೂ ಇದ್ದಾರೆ. ಕೊನೆಗೆ ಜಾಗ. ಇಂಜಿನಿಯರ್ ಹಿಡಿದ 60 ಒಳಗಿನ ಬೀದಿಯ ದರವಾಗಿದ್ದರೆ, ಮೇಲ್ಸೇತುವೆಯ ಎದುರಿನ ಜಾಗ ಅಷ್ಟು ಬಾಳುವುದಿಲ್ಲ. ನೂರಕ್ಕೆ ಹತ್ತು ಇಳಿಸಿದರೆ 54.

ಈಗ ಕೂಡಿಸಿ. ಜಾಗ 54, ಮನೆ 51.6, ಅದರಲ್ಲಿ 4 ಕಳೆದು, 2 ಸೇರಿಸಿ: 103.6. ಬ್ಯಾಂಕಿನವರು ಹೇಳಿದ್ದು 102. ಇಷ್ಟು ಅಂತರ ಇಬ್ಬರು ಪ್ರಾಮಾಣಿಕ ವ್ಯಾಲ್ಯುಯರ್‌ಗಳ ನಡುವೆಯೂ ಮಾಮೂಲು.

ಗಮನಿಸಿ, ನಾನು ವೆಚ್ಚದ ದಾರಿ ಬಿಡಲೇ ಇಲ್ಲ. ಅದೇ ದಾರಿಯಲ್ಲಿ ಪೂರ್ತಿ ನಡೆದೆ, ಅಷ್ಟೇ. ವೆಚ್ಚದ ವಿಧಾನವನ್ನು ಕೊನೆತನಕ ಮಾಡಿದರೆ ಅದು ಮಾರುಕಟ್ಟೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಬೇರೆ ದಾರಿಯೇ ಇಲ್ಲ. ಮೇಲ್ಸೇತುವೆಗೆ ಎಷ್ಟು ಕಳೆಯಬೇಕು ಎಂದು ಸಿಮೆಂಟಿನ ದರ ಹೇಳುವುದಿಲ್ಲ. ಕೊಳ್ಳುವವರು ಎಷ್ಟು ಕಡಿಮೆ ಕೊಟ್ಟರು ಎಂದು ನೋಡಿಯೇ ತಿಳಿಯಬೇಕು. ಹಾಗಾಗಿ ಎರಡು ವರದಿಗಳ ನಡುವೆ ದೊಡ್ಡ ಕಂದರ ಕಂಡರೆ ನಾನು ಮೊದಲು ಹುಡುಕುವುದು ಸವಕಳಿಯ ಸಾಲನ್ನು. ಅಲ್ಲಿ ವಯಸ್ಸು ಬಿಟ್ಟು ಬೇರೇನೂ ಇಲ್ಲದಿದ್ದರೆ ಲೆಕ್ಕ ಅರ್ಧ ದಾರಿಯಲ್ಲಿದೆ ಎಂದೇ ಅರ್ಥ.

ಇದನ್ನು ನಾನೂ ಬೈಸಿಕೊಂಡೇ ಕಲಿತದ್ದು. ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಮನೆಯ ವೆಚ್ಚದ ಪಟ್ಟಿಯನ್ನು ದಶಮಾಂಶದವರೆಗೆ ಅಂದವಾಗಿ ಬರೆದು ಹಿರಿಯರ ಮುಂದಿಟ್ಟಿದ್ದೆ. ಅವರು ಪಟ್ಟಿ ಓದಲೇ ಇಲ್ಲ. ಕೊನೆಯ ಮೊತ್ತದ ಮೇಲೆ ಬೆರಳಿಟ್ಟು, "ಇಷ್ಟಕ್ಕೆ ಯಾರಪ್ಪಾ ತಗೋತಾರೆ? ಒಬ್ಬರನ್ನು ತೋರಿಸು" ಎಂದರು. ತೋರಿಸಲು ನನ್ನಲ್ಲಿ ಯಾರೂ ಇರಲಿಲ್ಲ. ವೆಚ್ಚದ ಲೆಕ್ಕ ಗಣಿತ, ಮಾರುಕಟ್ಟೆಯದು ಬರೀ ಅಭಿಪ್ರಾಯ ಎಂಬ ಭ್ರಮೆ ಆವತ್ತು ಹೋಯಿತು. ಆಯಸ್ಸು 60 ಎಂದು ಬರೆದದ್ದೂ ಅಭಿಪ್ರಾಯವೇ. 75 ಎಂದು ಬರೆದಿದ್ದರೆ ನಿಮ್ಮ ಸವಕಳಿ ನೂರಕ್ಕೆ 30ರಿಂದ 24ಕ್ಕೆ ಇಳಿಯುತ್ತಿತ್ತು, ಮನೆಯ ಒಂದು ಇಟ್ಟಿಗೆಯೂ ಬದಲಾಗದೆ.

ಹಾಗೆಂದು ಮಾರುಕಟ್ಟೆ ಮೌಲ್ಯ ಎಂದರೆ ಪಕ್ಕದ ಮನೆ ಹೋದ ಬೆಲೆ ಎಂದುಕೊಳ್ಳಬೇಡಿ. ಅಂತಾರಾಷ್ಟ್ರೀಯ ಮೌಲ್ಯಮಾಪನ ಮಾನದಂಡಗಳಲ್ಲಿ ಅದಕ್ಕೆ ಕಟ್ಟುನಿಟ್ಟಾದ ಅರ್ಥವಿದೆ. ಸರಳವಾಗಿ ಹೇಳಿದರೆ ಹೀಗೆ. ಮಾರುವವರಿಗೂ ಕೊಳ್ಳುವವರಿಗೂ ಮನಸ್ಸಿರಬೇಕು. ಇಬ್ಬರ ನಡುವೆ ನೆಂಟಸ್ತನದ ದಾಕ್ಷಿಣ್ಯ ಇರಬಾರದು. ಸಾಕಷ್ಟು ದಿನ, ಸಾಕಷ್ಟು ಜನಕ್ಕೆ ಗೊತ್ತಾಗುವಂತೆ ಮಾರಾಟಕ್ಕಿಟ್ಟಿರಬೇಕು. ಇಬ್ಬರೂ ವಿಷಯ ತಿಳಿದು, ಯಾವ ಒತ್ತಡವೂ ಇಲ್ಲದೆ ವ್ಯವಹರಿಸಿರಬೇಕು. ಅಂಥ ವ್ಯವಹಾರದಲ್ಲಿ, ಒಂದು ಗೊತ್ತಾದ ದಿನದಂದು, ಕೈ ಬದಲಾಗಬಹುದಾದ ಅಂದಾಜು ಮೊತ್ತ ಅದು. ಪಕ್ಕದವರು ಸಾಲ ತೀರಿಸುವ ಅವಸರದಲ್ಲಿ ಮಾರಿದ್ದರೆ ಆ ಬೆಲೆ ಲೆಕ್ಕಕ್ಕಿಲ್ಲ. ಅಣ್ಣ ತಮ್ಮನಿಗೆ ಕೊಟ್ಟ ಬೆಲೆಯೂ ಇಲ್ಲ.

ಈ ವಿಧಾನಕ್ಕೂ ಬಲಹೀನತೆ ಇದೆ. ಹೋಲಿಸಲು ಸರಿಯಾದ ಮಾರಾಟಗಳು ಸಿಗಬೇಕು. ನಿಮ್ಮದು ಕೊಳವಿರುವ ಐದು ಕೋಣೆಯ ಮನೆ. ಅಂಥವು ದಿನಾ ಮಾರಾಟವಾಗುವುದಿಲ್ಲ. ಬ್ಯಾಂಕಿನವರು ಮೂರು ಕೋಣೆಯ ಮನೆಗಳನ್ನೇ ಹೋಲಿಸಿ, ಚದರಡಿ ಲೆಕ್ಕದಲ್ಲಿ ಹಿಗ್ಗಿಸಿದ್ದರೆ 102 ಕೂಡ ಸಡಿಲವೇ. ವರದಿಯಲ್ಲಿ ಯಾವ ಮನೆಗಳನ್ನು ಹೋಲಿಸಿದ್ದಾರೆ, ಅವು ಯಾವಾಗ ಮಾರಾಟವಾದವು, ನಿಮ್ಮ ಮನೆಗೆ ಹೊಂದಿಸಲು ಏನೇನು ಕೂಡಿ ಕಳೆದಿದ್ದಾರೆ ಎಂದು ನೋಡಿ. ಅದೇನೂ ಇಲ್ಲದೆ ಬರೀ ಮೊತ್ತ ಬರೆದಿದ್ದರೆ ತಂಗಿಯ ಅನುಮಾನದಲ್ಲಿ ಅರ್ಥವಿದೆ.

ಬ್ಯಾಂಕು ಯಾವಾಗಲೂ ಕಡಿಮೆ ಬರೆಯುತ್ತದೆ ಎಂಬ ಮಾತಿನಲ್ಲಿ ಪೂರ್ತಿ ಹುರುಳಿಲ್ಲ, ಪೂರ್ತಿ ಸುಳ್ಳೂ ಅಲ್ಲ. ಸಾಲ ಕೊಡುವವರು ಕೆಲವೊಮ್ಮೆ ಇನ್ನೊಂದು ಅಂಕಿಯನ್ನೂ ಕೇಳುತ್ತಾರೆ: ಅವಸರದಲ್ಲಿ ಮಾರಬೇಕಾಗಿ ಬಂದರೆ ಎಷ್ಟು ಬರುತ್ತದೆ ಎಂದು. ಅದು ಮಾರುಕಟ್ಟೆ ಮೌಲ್ಯಕ್ಕಿಂತ ಕೆಳಗಿರುತ್ತದೆ. ನಿಮ್ಮ 102ರ ಮುಂದೆ ಯಾವ ಹೆಸರು ಬರೆದಿದೆ ಎಂದು ಒಮ್ಮೆ ಕಣ್ಣಾರೆ ನೋಡಿ.

ವೆಚ್ಚದ ವಿಧಾನವೇ ಮೊದಲ ಸಾಲಿನಲ್ಲಿ ನಿಲ್ಲುವ ಕಡೆಗಳೂ ಇವೆ. ಶಾಲೆ, ಆಸ್ಪತ್ರೆ, ಅಗ್ನಿಶಾಮಕ ಠಾಣೆ, ನೀರು ಶುದ್ಧ ಮಾಡುವ ಘಟಕ. ಇಂಥವು ಮಾರಾಟಕ್ಕೆ ಬರುವುದೇ ಅಪರೂಪ, ಬಾಡಿಗೆ ಲೆಕ್ಕವೂ ಸಿಗುವುದಿಲ್ಲ. ಅಲ್ಲಿ ಸವಕಳಿ ಕಳೆದ ವೆಚ್ಚವೇ ಆಧಾರ. ಹೊಚ್ಚ ಹೊಸ ಕಟ್ಟಡಕ್ಕೂ ಅದು ಚೆನ್ನಾಗಿ ಹೊಂದುತ್ತದೆ, ಸವೆಯಲು ಇನ್ನೂ ಏನೂ ಇಲ್ಲವಲ್ಲ. ಬಾಡಿಗೆಗೆಂದೇ ಇರುವ ಕಟ್ಟಡವಾದರೆ ಆದಾಯ ನೋಡಿ ಬೆಲೆ ಕಟ್ಟುವ ಮೂರನೆಯ ವಿಧಾನವೇ ಇದೆ. ನಿಮ್ಮ ವಿಷಯಕ್ಕೆ ಅದು ಬೇಡ.

ನಿಮಗೆ ವೆಚ್ಚದ ಅಂಕಿ ಬೇಕಾಗುವ ಒಂದು ಜಾಗ ಮಾತ್ರ ಖಂಡಿತ ಇದೆ: ವಿಮೆ. ಬೆಂಕಿ ಬಿದ್ದರೆ ಜಾಗ ಸುಡುವುದಿಲ್ಲ, ಕಟ್ಟಡ ಸುಡುತ್ತದೆ. ಮತ್ತೆ ಕಟ್ಟುವವರು ಹಳೆಯ ಮನೆಯ ದರ ತೆಗೆದುಕೊಳ್ಳುವುದೂ ಇಲ್ಲ. ಹಾಗಾಗಿ ಅಲ್ಲಿ 130 ಅಲ್ಲ, 102 ಅಲ್ಲ, 70 ಕೂಡ ಅಲ್ಲ. ಪೂರ್ತಿ 100, ಜೊತೆಗೆ ಅವಶೇಷ ತೆಗೆಸುವ ಖರ್ಚು, ಆರ್ಕಿಟೆಕ್ಟ್ ಶುಲ್ಕ. ಹಳೆಯದಕ್ಕೆ ಬದಲು ಹೊಸದು ಕಟ್ಟಿಕೊಡುವ ಪಾಲಿಸಿ ಇದ್ದು, ನೀವು 70ಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ ಏನಾಗುತ್ತದೆ ನೋಡಿ. ಕಡಿಮೆ ವಿಮೆ ಮಾಡಿಸಿದರೆ ಪರಿಹಾರವನ್ನೂ ಅದೇ ಅನುಪಾತದಲ್ಲಿ ಇಳಿಸುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. 20ರಷ್ಟು ಹಾನಿಯಾದರೆ ನಿಮ್ಮ ಕೈಗೆ ಬರುವುದು 14. ಇಂಜಿನಿಯರ್ ವರದಿಯನ್ನು ಎಸೆಯಬೇಡಿ, ಈ ಕೆಲಸಕ್ಕೆ ಬೇಕಾಗುತ್ತದೆ.

ಈಗ ನಿಮ್ಮಿಬ್ಬರ ಹಂಚಿಕೆಗೆ ಬರೋಣ.

ಸುಲಭವಾಗಿ ಹೊಳೆಯುವ ದಾರಿ ಎರಡರ ಸರಾಸರಿ, 116. ದಯವಿಟ್ಟು ಅದನ್ನು ಮಾಡಬೇಡಿ. ಒಂದೇ ಪ್ರಶ್ನೆಗೆ ಇಬ್ಬರು ಕೊಟ್ಟ ಉತ್ತರದ ಸರಾಸರಿಗೆ ಅರ್ಥವಿದೆ. ಬೇರೆ ಬೇರೆ ಪ್ರಶ್ನೆಯ ಉತ್ತರಗಳ ಸರಾಸರಿ ಯಾವುದರ ಬೆಲೆಯೂ ಅಲ್ಲ. ಇನ್ನು 130ಕ್ಕೇ ಒಪ್ಪಿದರೆ ನೀವು 65 ಕೊಡುತ್ತೀರಿ, 102 ಆದರೆ 51. ವ್ಯತ್ಯಾಸದ 14 ಮುಂದೆ ಮನೆ ಮಾರಿದರೂ ನಿಮಗೆ ವಾಪಸ್ ಬರುವುದು ಅನುಮಾನ. ಸಂಬಂಧ ಉಳಿಯಲಿ ಎಂದು ಗೊತ್ತಿದ್ದೂ ಕೊಡುವುದಾದರೆ ಅದು ನಿಮ್ಮ ಮನಸ್ಸು. ಮನೆಯ ಬೆಲೆ ಎಂದುಕೊಂಡು ಮಾತ್ರ ಕೊಡಬೇಡಿ.

ನಾನು ಹೇಳುವುದು, ಇಬ್ಬರೂ ಸೇರಿ ಒಬ್ಬ ವ್ಯಾಲ್ಯುಯರ್ ಇಟ್ಟುಕೊಳ್ಳಿ. ಶುಲ್ಕ ಸಮನಾಗಿ ಹಂಚಿಕೊಳ್ಳಿ. ಯಾವ ದಿನದ ಮಾರುಕಟ್ಟೆ ಮೌಲ್ಯ, ಮನೆ ಈಗ ಇರುವ ಸ್ಥಿತಿಯಲ್ಲಿ, ಖಾಲಿ ಸಿಗುತ್ತದೆ ಎಂಬ ಎಣಿಕೆಯಲ್ಲಿ, ಇಷ್ಟನ್ನೂ ಕೆಲಸ ಒಪ್ಪಿಸುವಾಗಲೇ ಬರೆದುಕೊಡಿ. ಹಳೆಯ ಎರಡೂ ವರದಿಗಳನ್ನು ಅವರಿಗೆ ಕೊಟ್ಟು, ಅಂತರ ಎಲ್ಲಿದೆ ಎಂದು ವಿವರಿಸಲು ಕೇಳಿ. ಬರುವ ಅಂಕಿಗೆ ಇಬ್ಬರೂ ಬದ್ಧ ಎಂದು ಮೊದಲೇ ಒಪ್ಪಿಕೊಂಡಿರಿ. ಅಂಕಿ ಬಂದ ಮೇಲೆ ಒಪ್ಪುವುದು ಕಷ್ಟ. ಇದರಲ್ಲಿರುವ ಅಪಾಯವೆಂದರೆ, ಅಂಕಿ ನಿಮ್ಮ 102ಕ್ಕಿಂತ ಮೇಲೆ ಬರಬಹುದು. ಅದಕ್ಕೆ ತಯಾರಿರಿ. ತಂಗಿ ಇದಕ್ಕೂ ಒಪ್ಪದಿದ್ದರೆ ಉಳಿಯುವುದು ಮನೆಯನ್ನೇ ಮಾರಾಟಕ್ಕಿಡುವುದು. ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಆದರೆ ತಿಂಗಳುಗಟ್ಟಲೆ ಹಿಡಿಯಬಹುದು, ದಲ್ಲಾಳಿ ಖರ್ಚು ಬೀಳುತ್ತದೆ, ನೀವು ಮನೆ ಬಿಡಬೇಕಾಗಲೂಬಹುದು.

ಈಜುಕೊಳದ ವಿಷಯ ನಿಮಗೆ ಹಿತವಾಗಲಿಕ್ಕಿಲ್ಲ. ಅದರಿಂದ ಮನೆಗೆ ಏರಿದ ಬೆಲೆ 14 ಅಲ್ಲ, ನನ್ನ ಅಂದಾಜಿನಲ್ಲಿ 2ರ ಆಸುಪಾಸು. ಬೆಲೆಯಲ್ಲಿ ಇಲ್ಲದ 12ನ್ನು ಮೊದಲೇ ತೆಗೆದಿಟ್ಟರೆ ಅದರಲ್ಲಿ ಅರ್ಧ ತಂಗಿಯ ಪಾಲಿನಿಂದಲೇ ಹೋದಂತೆ. ಅಲ್ಲದೆ ಇಷ್ಟು ವರ್ಷ ಈಜಿದ್ದು, ಸಿನಿಮಾ ನೋಡಿದ್ದು ನಿಮ್ಮ ಮನೆಯವರೇ ಅಲ್ವಾ? ಕೊಳ, ಸಿನಿಮಾ ಕೋಣೆ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು ಎಂದು ಜಂಟಿ ವ್ಯಾಲ್ಯುಯರ್‌ಗೆ ಕೇಳಿ. ಆ ವ್ಯತ್ಯಾಸದಷ್ಟು ನಿಮಗೆ ಸಲ್ಲಬೇಕು ಎಂದು ತಂಗಿಯಲ್ಲಿ ಕೇಳುವುದು ನ್ಯಾಯವಾಗಿ ಕಾಣುತ್ತದೆ. ಆದರೆ ಅದು ನಿಮ್ಮಿಬ್ಬರ ಒಪ್ಪಂದಕ್ಕೆ ಅಥವಾ ವಕೀಲರಿಗೆ ಬಿಟ್ಟ ಮಾತು. ವ್ಯಾಲ್ಯುಯರ್ ತೀರ್ಮಾನಿಸುವಂಥದ್ದಲ್ಲ.

ಒಂದು ಕೊನೆಯ ವಿಷಯ, ತಾರಸಿ. ಸೋರಿಕೆಯನ್ನು ಈಗಲೇ ಸರಿಮಾಡಿಸಿದರೆ ಖರ್ಚು ನಿಮ್ಮದಾಗುತ್ತದೆ, ಏರಿದ ಬೆಲೆಯಲ್ಲಿ ಅರ್ಧ ತಂಗಿಗೂ ಹೋಗುತ್ತದೆ. ಮಾಡಿಸುವುದಾದರೆ ಇಬ್ಬರ ದುಡ್ಡಿನಲ್ಲಿ ಮಾಡಿಸಿ. ಇಲ್ಲವಾದರೆ ವ್ಯಾಲ್ಯುಯರ್ ಬಂದು ಹೋಗುವವರೆಗೆ ಕಾಯಿರಿ, ಸೋರುವ ಜಾಗವನ್ನು ಬಣ್ಣ ಬಳಿದು ಮುಚ್ಚದೆ ಹಾಗೇ ತೋರಿಸಿ.